ಒಲೆಯ ಹೊಗೆಯನ್ನು ಅಳೆಯುವ ಮುನ್ನ

ಪ್ರಶ್ನೆ: ನಾನು ಪರಿಸರ ಆರೋಗ್ಯ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ (ಹಾಡಿಗಳಲ್ಲಿ) ಸೌದೆ ಒಲೆಯ ಹೊಗೆಯನ್ನು ಅಳೆದು, ಹೆಂಗಸರ ಉಸಿರಾಟದ ತೊಂದರೆಗಳೊಂದಿಗೆ ಅದನ್ನು ಹೋಲಿಸಬೇಕೆಂದಿದ್ದೇನೆ. ಉಪಕರಣವನ್ನು ಎಲ್ಲಿಡಬೇಕು, ಒಪ್ಪಿಗೆಯನ್ನು ಹೇಗೆ ಪಡೆಯಬೇಕು?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೊಗೆಯ ಕಣಗಳನ್ನು ಅಳೆಯುವ ಕಣಮಾಪಕವನ್ನು ಒಲೆಯಿಂದ ಒಂದು ಮೀಟರ್ ದೂರದಲ್ಲಿ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ತೂಗುಹಾಕುವುದು ವಾಡಿಕೆ. ಅದು ನಿಂತು ಅಡುಗೆ ಮಾಡುವವರ ಅಳತೆ. ನೆಲದೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಊದುಗೊಳವೆಯಿಂದ ಬೆಂಕಿ ಊದುವವಳ ಮೂಗು ಅದಕ್ಕಿಂತ ಬಹಳ ಕೆಳಗಿರುತ್ತದೆ, ಹೊಗೆಯಾದರೋ ಮಾಡಿನಡಿಯಲ್ಲೇ ಹೆಚ್ಚು ದಟ್ಟವಾಗಿ ಕಟ್ಟುತ್ತದೆ. ಆದ್ದರಿಂದ ಆಕೆ ಕೂತಾಗ ಮುಖವಿರುವ ಮಟ್ಟದಲ್ಲೂ ಒಂದು ಉಪಕರಣವಿರಲಿ. ಹಸಿ ಸೌದೆ ಹೆಚ್ಚು ಹೊಗೆಯುವುದರಿಂದ ಮಳೆಗಾಲ, ಬೇಸಿಗೆ ಎರಡರಲ್ಲೂ ಅಳೆಯಿರಿ.

24 ಗಂಟೆಯ ಸರಾಸರಿಯೊಂದನ್ನೇ ನೆಚ್ಚಬೇಡಿ. ಪಿಎಂ 2.5 ಎಂಬ ಅತಿಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ದಿನದ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ ಹೊರಗಾಳಿಯ ಮಿತಿ 60. ಆದರೆ ಮುದ್ದೆ ಬೇಯುವ ಆ ಒಂದು ಗಂಟೆಯ ಹೊಗೆ ದಿನದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಚಳಿಗೆಂದು ರಾತ್ರಿಯಿಡೀ ಉಳಿಸಿಕೊಂಡ ಕೆಂಡವೂ ಅಷ್ಟೆ. ನಿಮಿಷ ನಿಮಿಷದ ದಾಖಲೆಯನ್ನೇ ಇಟ್ಟುಕೊಳ್ಳಿ.

“ಗ್ಯಾಸ್ ಇದೆಯೇ?” ಎಂದು ಕೇಳಿದರೆ “ಇದೆ” ಎನ್ನುತ್ತಾರೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಕಾಡಂಚಿನ ಅನೇಕ ಮನೆಗಳಿಗೆ ಸಿಲಿಂಡರ್ ತಲುಪಿದೆ, ನಿಜ. ನಾನು ಕಂಡ ಒಂದು ಮನೆಯಲ್ಲಿ ಅದು ಮೂಲೆಯಲ್ಲಿತ್ತು, ಮೇಲೆ ರಾಗಿ ಚೀಲ ಕೂತಿತ್ತು. ಕೊನೆಯ ಸಲ ತುಂಬಿಸಿದ್ದು ಯಾವಾಗ ಎಂದು ಕೇಳಿ.

ಇನ್ನು ಒಪ್ಪಿಗೆಯ ಮಾತು. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮೋದನೆಯ ಜೊತೆಗೆ, ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವುದರಿಂದ, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅವೆರಡೂ ಕೈಗೆ ಬಂದ ಮಾತ್ರಕ್ಕೆ ನೇರವಾಗಿ ಮನೆಗಳಿಗೆ ನುಗ್ಗಬೇಡಿ. ಮೊದಲು ಪೋಡಿನ ಹಿರಿಯರೆದುರು ಕೂತು ಮಾತಾಡಿ. ಹಿರಿಯರು ಹೂಂ ಎಂದದ್ದು ಮನೆಯೊಡತಿಯ ಒಪ್ಪಿಗೆಯಾಗುವುದಿಲ್ಲ. ಓದು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯ ಎದುರು ಎಲ್ಲವನ್ನೂ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಪಡೆಯಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ.

ವಾರಗಟ್ಟಲೆ ಕೆಮ್ಮುತ್ತಿರುವವರು ಸಿಕ್ಕರೆ ಅದು ಹೊಗೆಯಿಂದಲೇ ಎಂದು ಬರೆದುಕೊಂಡು ಬರಬೇಡಿ, ಕ್ಷಯವೂ ಇರಬಹುದು. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಯಾರು, ವಾಹನ ಯಾವುದು ಎಂಬುದನ್ನು ಮೊದಲ ಉಪಕರಣ ಇಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಪ್ರಬಂಧ ಸಲ್ಲಿಸುವ ಮೊದಲು ಪ್ರತಿ ಮನೆಗೂ ಹಿಂತಿರುಗಿ ಹೋಗಿ, ಆ ಮನೆಯದೇ ಹೊಗೆಯ ಏರಿಳಿತದ ನಕ್ಷೆಯನ್ನು ಹಾಳೆಯ ಮೇಲೆ ತೋರಿಸಿ, “ಈ ಎತ್ತರದ ಗೆರೆ ನೀವು ಬೆಳಿಗ್ಗೆ ಒಲೆ ಹೊತ್ತಿಸಿದ ಹೊತ್ತು” ಎಂದು ಬೆರಳಿಟ್ಟು ಹೇಳಿ.