ಬಣ್ಣ ಆಗದ ಮಗುವಿನ ಜೊತೆ ಪ್ರವಾಸ ಹೊರಟವರಿಗೆ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಆರು ವರ್ಷ. ಬಣ್ಣದ ಕೇಕು, ಜೆಲ್ಲಿ, ಕಿತ್ತಳೆ ಬಣ್ಣದ ಕೂಲ್ ಡ್ರಿಂಕ್ಸ್ ಹೊಟ್ಟೆಗೆ ಹೋದರೆ ಮೈಯೆಲ್ಲಾ ಪಿತ್ತದ ಗಂಧೆ ಏಳುತ್ತದೆ. ರಾತ್ರಿ ನಿದ್ದೆ ಮಾಡದೆ ರಚ್ಚೆ ಹಿಡಿಯುತ್ತಾನೆ. ಮಕ್ಕಳ ಡಾಕ್ಟರು ಕೃತಕ ಬಣ್ಣ ಬಿಡಿಸಿ ನೋಡಿ ಎಂದರು. ಬಿಡಿಸಿದ ಮೇಲೆ ಆರಾಮಾಗಿದ್ದಾನೆ. ಈಗ ರಜೆಯಲ್ಲಿ ಮೈದುನನ ಮನೆಯವರ ಜೊತೆ ಒಂದು ವಾರ ಉಡುಪಿ, ಮುರುಡೇಶ್ವರ, ಗೋಕರ್ಣ ಅಂತ ಹೊರಟಿದ್ದೇವೆ. ವಾರಗಿತ್ತಿಯ ಮಕ್ಕಳು ಕಂಡದ್ದೆಲ್ಲಾ ಕೊಡಿಸಿಕೊಂಡು ತಿನ್ನುತ್ತಾರೆ. ನಮ್ಮತ್ತೆ "ಒಂದಿನ ತಿಂದ್ರೆ ಏನಾಗುತ್ತೆ" ಎನ್ನುತ್ತಾರೆ. ಹೋಗೋದೇ ಬೇಡ ಅನ್ನಿಸಿಬಿಟ್ಟಿದೆ.
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. ಬಣ್ಣ ಆಗದ ಮಗುವನ್ನು ಕರೆದುಕೊಂಡು ಹೋಗಲು ಕರಾವಳಿಗಿಂತ ಒಳ್ಳೆಯ ಜಾಗ ಸಿಗೋದು ಕಷ್ಟ. ಯಾಕೆ ಅಂದರೆ ಅಲ್ಲಿನ ಸ್ವಂತ ತಿಂಡಿಗಳಲ್ಲಿ ಹೆಚ್ಚಿನವಕ್ಕೆ ಬಣ್ಣ ಹಾಕುವ ಪದ್ಧತಿಯೇ ಇಲ್ಲ. ನೀರುದೋಸೆ, ಇಡ್ಲಿ, ಕೊಟ್ಟೆ ಕಡುಬು, ಬನ್ಸ್, ಗೋಳಿಬಜೆ, ಪತ್ರೊಡೆ, ದೇವಸ್ಥಾನದ ಊಟದ ಅನ್ನ ಸಾರು ಹುಳಿ, ಬೆಲ್ಲದ ಪಾಯಸ, ಇವೆಲ್ಲ ನಿಮ್ಮ ಮಗ ಹೊಟ್ಟೆ ತುಂಬಾ ತಿನ್ನಬಹುದು. ತೊಂದರೆ ಬರೋದು ಊಟದಿಂದಲ್ಲ, ಊಟದ ಆಮೇಲೆ. ಸಂಜೆ ಬೀಚಿನ ಹತ್ತಿರ, ಐಸ್‌ಕ್ರೀಂ ಅಂಗಡಿ ಮುಂದೆ, ಬಸ್ಸು ನಿಂತ ಕಡೆ ಇರುವ ಬೇಕರಿಯಲ್ಲಿ. ಹಾಗಾಗಿ ದಿನವಿಡೀ ಹೆದರಿಕೊಂಡು ಓಡಾಡಬೇಡಿ. ಸಂಜೆಯ ಆ ಒಂದೆರಡು ತಾಸಿಗೆ ತಯಾರಿ ಮಾಡಿಕೊಳ್ಳಿ, ಸಾಕು.

ಮೊದಲು ಐಸ್‌ಕ್ರೀಂ, ಯಾಕಂದ್ರೆ ಉಡುಪಿಗೆ ಹೋದ ಮೇಲೆ ಮಕ್ಕಳು ಗಡ್‌ಬಡ್ ಕೇಳದೆ ಇರಲ್ಲ. ಗಡ್‌ಬಡ್ ಅಂದರೆ ಎರಡು ಮೂರು ಬಣ್ಣದ ಐಸ್‌ಕ್ರೀಂ, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ, ಮೇಲೊಂದು ಚೆರ್ರಿ. ನಿಮ್ಮ ಮಗನಿಗೆ ಆಗದ್ದು ಸುಮಾರೆಲ್ಲವೂ ಒಂದೇ ಲೋಟದಲ್ಲಿ ಇರುತ್ತದೆ. ಜೆಲ್ಲಿಗೆ ಬಣ್ಣ, ಚೆರ್ರಿಗೆ ಬಣ್ಣ, ಸ್ಟ್ರಾಬೆರಿಗೆ ಸಾಮಾನ್ಯವಾಗಿ ಕಾರ್ಮೊಯ್ಸಿನ್ ಎಂಬ ಕೃತಕ ಕೆಂಪು, ಪಿಸ್ತಾದ ಹಸಿರಿಗೆ ಹಳದಿ ಮತ್ತು ನೀಲಿ ಎರಡನ್ನೂ ಬೆರೆಸಿರುತ್ತಾರೆ. ಆದರೆ ಎಳನೀರು ಐಸ್‌ಕ್ರೀಂ, ಸೀತಾಫಲದ ಐಸ್‌ಕ್ರೀಂ ಆ ಕಡೆ ಸುಲಭವಾಗಿ ಸಿಗುತ್ತವೆ, ಎರಡೂ ಬೆಳ್ಳಗೇ ಇರುತ್ತವೆ. ಅದರ ಮೇಲೆ ಗೋಡಂಬಿ, ಬಾಳೆಹಣ್ಣು, ದಾಳಿಂಬೆ ಹಾಕಿಸಿ ಅದೇ ಎತ್ತರದ ಗಡ್‌ಬಡ್ ಲೋಟದಲ್ಲಿ, ಉದ್ದ ಚಮಚದ ಜೊತೆ ಕೊಡಿ ಎಂದರೆ ಅಂಗಡಿಯವರು ಮಾಡಿಕೊಡುತ್ತಾರೆ. ಮಕ್ಕಳಿಗೆ ಎಷ್ಟೋ ಸಲ ಲೋಟವೇ ಮುಖ್ಯ. ಅಣ್ಣಂದಿರ ಮುಂದೆ ಎತ್ತರದ ಲೋಟ, ನಮ್ಮವನ ಮುಂದೆ ಚಿಕ್ಕ ಕಪ್ಪು ಇಟ್ಟರೆ ಅವನಿಗೆ ಬೇಜಾರಾಗದೆ ಇರುತ್ತಾ?

ಕುಡಿಯೋದಕ್ಕೆ ಎಳನೀರಿದೆ, ಕಬ್ಬಿನಹಾಲಿದೆ. ಕೆಂಪು ಬಣ್ಣದ್ದೇ ಬೇಕು ಅಂತ ಹಟ ಮಾಡಿದರೆ ಪುನರ್ಪುಳಿ (ಕೋಕಂ) ಪಾನಕ ಇದೆ! ಅದರ ಕೆಂಪು ಹಣ್ಣಿನ ಸಿಪ್ಪೆಯದೇ. ಕೇಳಬೇಕಾದ್ದು ಒಂದೇ, ಒಣಸಿಪ್ಪೆ ನೆನೆಸಿ ಮಾಡಿದ್ದಾ ಅಥವಾ ಬಾಟಲಿ ಸಿರಪ್ಪಾ ಅಂತ. ಸಿರಪ್ಪಾದರೆ ಬಾಟಲಿ ತೋರಿಸಿ ಅನ್ನಿ.

ಹೋಟೆಲಿನಲ್ಲಿ ಜಾಗ್ರತೆ ಬೇಕಾದವು ಇವು: ಕೇಸರಿಭಾತ್, ಜಿಲೇಬಿ, ಜಹಾಂಗೀರು, ಕಾಶಿ ಹಲ್ವಾ, ಗಾಢ ಹಳದಿಯ ಬಾದಾಮಿ ಹಾಲು. ಕೇಸರಿಭಾತಿಗೆ ನಿಜವಾದ ಕೇಸರಿ ಹಾಕಿದರೆ ಬರೋದು ತಿಳಿ ಹಳದಿ, ಆ ಉಜ್ವಲ ಕಿತ್ತಳೆ ಬರೋದು ಡಬ್ಬಿಯ ಪುಡಿಯಿಂದ. ಬೇಕರಿಯಲ್ಲಿ ಟೂಟಿ ಫ್ರೂಟಿ ಮರೆಯಬೇಡಿ. ಅದು ಪಪ್ಪಾಯಿ ಕಾಯಿಯ ತುಂಡನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ ಬಣ್ಣ ಕಟ್ಟಿದ್ದು, ಬನ್ನು ಬ್ರೆಡ್ಡಿನಲ್ಲಿ ಸುಮ್ನೆ ಅಡಗಿ ಕೂತಿರುತ್ತದೆ.

ಕೇಳುವ ರೀತಿಯೂ ಮುಖ್ಯ. "ಕಲರ್ ಹಾಕ್ತೀರಾ?" ಎಂದರೆ ಸಪ್ಲೈಯರ್ "ಇಲ್ಲ ಮೇಡಂ" ಎಂದು ಹೇಳಿ ಮುಂದಿನ ಟೇಬಲ್ಲಿಗೆ ಹೋಗುತ್ತಾನೆ. ಅವನ ತಪ್ಪಲ್ಲ, ಅಡುಗೆ ಮಾಡುವವನು ಅವನಲ್ಲ. "ಇದಕ್ಕೆ ಯಾವ ಬಣ್ಣ ಹಾಕ್ತೀರಿ? ಮಗುಗೆ ಅಲರ್ಜಿ ಇದೆ, ಒಳಗೆ ಭಟ್ಟರನ್ನ ಒಂದು ಮಾತು ಕೇಳಿಬನ್ನಿ" ಎನ್ನಿ. ಅಲರ್ಜಿ ಎಂಬ ಮಾತು ಕಿವಿಗೆ ಬಿದ್ದರೆ ಅಡುಗೆಮನೆಯವರು ಸಾಮಾನ್ಯವಾಗಿ ನಿಜ ಹೇಳುತ್ತಾರೆ. ರಶ್ಶು ಇಲ್ಲದ ಹೊತ್ತಿನಲ್ಲಿ, ಮಧ್ಯಾಹ್ನ ಮೂರರ ಮೇಲೆ ಕೇಳಿದರೆ ಇನ್ನೂ ಒಳ್ಳೆಯದು.

ನೀವು ಮೀನು ಕೋಳಿ ತಿನ್ನುವವರಾದರೆ ಕೆಂಪು ಕಂಡ ಕೂಡಲೇ ಹೆದರಬೇಡಿ. ಕರಾವಳಿಯ ಗೀ ರೋಸ್ಟು, ಮೀನಿನ ಮಸಾಲೆ ಕೆಂಪಗಿರೋದು ಬ್ಯಾಡಗಿ ಮೆಣಸಿನಕಾಯಿಯಿಂದ, ಅದಕ್ಕೆ ಖಾರ ಕಡಿಮೆ, ಬಣ್ಣ ಜಾಸ್ತಿ. ಕಬಾಬು, ಗೋಬಿ ಮಂಚೂರಿ ಬೇರೆ ಮಾತು. ವ್ಯತ್ಯಾಸ ತಿಳಿಯಲು ಒಂದು ಉಪಾಯ ಇದೆ: ಮೆಣಸಿನ ಬಣ್ಣ ಎಣ್ಣೆಗೆ ಇಳಿಯುತ್ತದೆ, ಅಂಗಡಿಯ ಬಣ್ಣದ ಪುಡಿ ನೀರಿಗೆ ಇಳಿಯುತ್ತದೆ. ಒಂದು ಚೂರನ್ನು ಲೋಟದ ನೀರಿಗೆ ಹಾಕಿ. ಎಣ್ಣೆ ಮಾತ್ರ ಕೆಂಪಗೆ ತೇಲಿದರೆ ಮೆಣಸು ಇರಬಹುದು, ನೀರೇ ಗುಲಾಬಿಯಾದರೆ ತಟ್ಟೆ ಪಕ್ಕಕ್ಕಿಡಿ. ಇದು ಲ್ಯಾಬಿನ ಪರೀಕ್ಷೆ ಅಲ್ಲ. ಬೀಟ್‌ರೂಟ್, ನಿಜವಾದ ಕೇಸರಿ ಕೂಡ ನೀರಿಗೆ ಬಣ್ಣ ಬಿಡುತ್ತವೆ. ಆದರೆ ಕಬಾಬಿಗೆ ಬೀಟ್‌ರೂಟ್ ಯಾರು ಹಾಕುತ್ತಾರೆ ಹೇಳಿ.

ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನು 2024ರ ಮಾರ್ಚ್‌ನಲ್ಲೇ ನಿಷೇಧಿಸಿದ್ದಾರೆ. ಆಗ ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ನಿಷೇಧ ಬಂತು. ಬಣ್ಣದ ಬೊಂಬಾಯಿ ಮಿಠಾಯಿಗೆ ಮಾರ್ಚ್‌ನಲ್ಲೇ ನಿಷೇಧ ಬಂದಿತ್ತು, ಆಗ ಪರೀಕ್ಷೆ ಮಾಡಿದ 25 ಮಾದರಿಗಳಲ್ಲಿ 15 ಕೆಟ್ಟವು. ಅದರ ಗುಲಾಬಿ ಬಣ್ಣಕ್ಕೆ ಬಳಸುವ ರೋಡಮೈನ್-ಬಿ ತಿನ್ನುವ ಬಣ್ಣವೇ ಅಲ್ಲ, ಬಟ್ಟೆಗೆ ಹಾಕುವ ಬಣ್ಣ. ಅತ್ತೆಯವರಿಗೆ ಈ ಮಾತನ್ನೇ ಹೇಳಿ. "ಮಗುಗೆ ಆಗಲ್ಲ" ಎಂದಾಗ ಒಪ್ಪದ ಹಿರಿಯರು ಬಟ್ಟೆ ಬಣ್ಣ ಎಂದ ಕೂಡಲೇ ಉಳಿದ ಮೊಮ್ಮಕ್ಕಳಿಗೂ ಬೇಡ ಎನ್ನುತ್ತಾರೆ. ವಾರಗಿತ್ತಿಯ ಹತ್ತಿರ ಹೊರಡುವ ಮೊದಲೇ ಮಾತಾಡಿ. ಎಲ್ಲ ಮಕ್ಕಳಿಗೂ ಒಂದೇ ತಿಂಡಿ ಕೊಡಿಸೋಣ, ಸಂಜೆಯ ಐಸ್‌ಕ್ರೀಂ ನನ್ನ ಲೆಕ್ಕ ಎಂದುಬಿಡಿ. ಮಗನಿಗೂ ಮೊದಲೇ ಹೇಳಿರಬೇಕು, ಎಲ್ಲರ ಮುಂದೆ ಕೈಯಿಂದ ಕಿತ್ತುಕೊಳ್ಳುವ ಪರಿಸ್ಥಿತಿ ತಂದುಕೊಳ್ಳಬಾರದು. ಅದು ಗಂಧೆಗಿಂತ ಜಾಸ್ತಿ ದಿನ ನೆನಪಿರುತ್ತದೆ.

ದಾರಿ ತಿಂಡಿಗೆ ದಾವಣಗೆರೆಯವರಿಗೆ ನಾನೇನು ಹೇಳೋದು, ಮಂಡಕ್ಕಿ ಇದೆಯಲ್ಲ. ಜೊತೆಗೆ ಶೇಂಗಾ ಚಿಕ್ಕಿ, ಎಳ್ಳುಂಡೆ, ಹುರಿಗಡಲೆ ಬೆಲ್ಲ. ಮನೆಯಲ್ಲಿ ಮಾಡಿದ ಬೀಟ್‌ರೂಟ್ ಹಲ್ವಾ ಒಂದು ಡಬ್ಬಿ ಇದ್ದರೆ ಮೊದಲ ಎರಡು ದಿನ ಬಣ್ಣದ ಆಸೆಯೂ ತೀರುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಮರೆಯೋದು: ಔಷಧಿ. ಮಕ್ಕಳ ಜ್ವರದ ಸಿರಪ್ಪು, ಕೆಮ್ಮಿನ ಸಿರಪ್ಪು, ಕೊನೆಗೆ ಗಂಧೆಗೆ ಕೊಡುವ ಅಲರ್ಜಿ ಸಿರಪ್ಪಿಗೂ ಬಣ್ಣ ಹಾಕಿರುತ್ತಾರೆ. ಕಿತ್ತಳೆ ರುಚಿಯ ಓಆರ್‌ಎಸ್ ಪುಡಿಯಲ್ಲಿ ಸನ್‌ಸೆಟ್ ಯೆಲ್ಲೋ ಎಂಬ ಕೃತಕ ಬಣ್ಣ ಇರಬಹುದು. ಹೊರಡುವ ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ ಬಣ್ಣ ಇಲ್ಲದ ಔಷಧಿ, ರುಚಿ ಇಲ್ಲದ ಬಿಳಿ ಓಆರ್‌ಎಸ್ ಬರೆಸಿಕೊಂಡು ಬ್ಯಾಗಿನಲ್ಲಿಡಿ. ಗೋಕರ್ಣದಲ್ಲಿ ರಾತ್ರಿ ಹತ್ತಕ್ಕೆ ಮೆಡಿಕಲ್ ಶಾಪ್ ಹುಡುಕಿಕೊಂಡು ಹೋಗಿ ಲೇಬಲ್ ಓದುತ್ತಾ ನಿಲ್ಲೋದು ಬೇಡ. ತುಟಿ, ನಾಲಗೆ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಓಡಿ.

ಪ್ರಶ್ನೆ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಡಿಸೆಂಬರ್ ರಜೆಗೆ ನಾಲ್ಕು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದಾಳೆ. ಮಗುವಿಗೆ "ರೆಡ್ 40, ಯೆಲ್ಲೋ 5, ಯೆಲ್ಲೋ 6 ಇರೋದು ಏನೂ ಕೊಡಬೇಡ" ಎಂದು ಮೆಸೇಜ್ ಕಳಿಸಿದ್ದಾಳೆ. ಇಲ್ಲಿನ ಪ್ಯಾಕೆಟ್ಟುಗಳ ಮೇಲೆ ಹುಡುಕಿದೆ, ಆ ಹೆಸರುಗಳೇ ಇಲ್ಲ. ಹಾಗಾದರೆ ನಮ್ಮಲ್ಲಿ ಹಾಕಲ್ಲ ಅಂತಲೇ?
– ಓದುಗರು, ಮೈಸೂರು

ಉತ್ತರ: ಇಲ್ಲಮ್ಮಾ, ಹಾಕುತ್ತಾರೆ, ಹೆಸರು ಬೇರೆ. ಅಲ್ಲಿನ ಯೆಲ್ಲೋ 5 ಅಂದರೆ ಇಲ್ಲಿನ ಟಾರ್ಟ್ರಜಿನ್, ಪ್ಯಾಕೆಟ್ಟಿನ ಮೇಲೆ ಅದರ ನಂಬರು 102. ಯೆಲ್ಲೋ 6 ಅಂದರೆ ಸನ್‌ಸೆಟ್ ಯೆಲ್ಲೋ, 110. ಬ್ಲೂ 1 ಇಲ್ಲಿ ಬ್ರಿಲಿಯಂಟ್ ಬ್ಲೂ, 133. ರೆಡ್ 3 ಇಲ್ಲಿ ಎರಿತ್ರೋಸಿನ್, 127. ಈ ಕೊನೆಯದಕ್ಕೆ ಕೊಟ್ಟಿದ್ದ ಅನುಮತಿಯನ್ನು ಅಮೆರಿಕದವರು 2025ರ ಜನವರಿಯಲ್ಲಿ ವಾಪಸು ತೆಗೆದುಕೊಂಡು, ಆಹಾರ ತಯಾರಿಸುವವರಿಗೆ 2027ರ ಜನವರಿವರೆಗೆ ಸಮಯ ಕೊಟ್ಟಿದ್ದಾರೆ.

ನಿಮ್ಮ ಮಗಳಿಗೂ ತಿಳಿಸಬೇಕಾದ ಒಂದು ವಿಷಯ ಇದೆ. ರೆಡ್ 40 ಬದಲು ನಮ್ಮಲ್ಲಿ ಕೆಂಪಿಗೆ ಹೆಚ್ಚಾಗಿ ಬಳಸೋದು ಕಾರ್ಮೊಯ್ಸಿನ್ 122 ಮತ್ತು ಪೊನ್ಸೋ 4ಆರ್ 124. ಇವೆರಡಕ್ಕೂ ಅಮೆರಿಕದಲ್ಲಿ ಅನುಮತಿಯೇ ಇಲ್ಲ. ಹಾಗಾಗಿ ಅವಳ ಪಟ್ಟಿಯಲ್ಲಿ ಇವು ಬಂದೇ ಇರಲ್ಲ, ಮಗು ಇವನ್ನು ತಿಂದು ಅಭ್ಯಾಸವೂ ಇರಲಿಕ್ಕಿಲ್ಲ. ಒಂದು ಚೀಟಿಯಲ್ಲಿ 102, 110, 122, 124, 127, 132, 133, 143 ಎಂದು ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಅನುಮತಿ ಇರುವ ಎಂಟು ಕೃತಕ ಬಣ್ಣಗಳು ಇವೇ. ಪ್ಯಾಕೆಟ್ಟಿನ ಹಿಂದೆ ಚಿಕ್ಕ ಅಕ್ಷರದಲ್ಲಿ "ಪರ್ಮಿಟೆಡ್ ಸಿಂಥೆಟಿಕ್ ಫುಡ್ ಕಲರ್" ಎಂದು ಬರೆದು ಪಕ್ಕದಲ್ಲಿ ನಂಬರು ಕೊಟ್ಟಿರುತ್ತಾರೆ. ಕನ್ನಡಕ ಹಾಕಿಕೊಂಡೇ ಅಂಗಡಿಗೆ ಹೋಗಿ. 100 ಅಂದರೆ ಅರಿಶಿನದ ಬಣ್ಣ, 162 ಬೀಟ್‌ರೂಟ್, ಹೆದರಬೇಕಿಲ್ಲ. 120 ಮಾತ್ರ ಹುಳುವಿನಿಂದ ತೆಗೆದ ಕೆಂಪು, ಸಸ್ಯಾಹಾರಿ ಮನೆಯಾದರೆ ಗಮನಿಸಿ. 160ಬಿ ಗಿಡದ ಬೀಜದ್ದೇ ಆದರೂ ಕೆಲವರಿಗೆ ಅದರಿಂದಲೂ ಗಂಧೆ ಏಳುತ್ತದೆ.

ಮನೆ ಅಡುಗೆಯಲ್ಲಿ ಚಿಂತೆ ಇಲ್ಲ, ಆದರೆ ಬಿಡಿಯಾಗಿ ಮಾರುವ ಅರಿಶಿನ ಪುಡಿ ತರಬೇಡಿ. ಅದಕ್ಕೆ ಮೆಟಾನಿಲ್ ಯೆಲ್ಲೋ ಎಂಬ ನಿಷೇಧಿತ ಹಳದಿ ಬೆರೆಸುವವರಿದ್ದಾರೆ. ಅರಿಶಿನ ಕೊಂಬು ತಂದು ಪುಡಿ ಮಾಡಿಸಿ. ಮೈಸೂರು ಪಾಕನ್ನು ಮನೆಯಲ್ಲೇ ಮಾಡಿ, ಕಡಲೆಹಿಟ್ಟು, ತುಪ್ಪ, ಸಕ್ಕರೆ ಬಿಟ್ಟು ಅದಕ್ಕೆ ಇನ್ನೇನೂ ಬೇಡ. ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದಾಗ ಬಣ್ಣ ಹಾಕದ ಬಿಳಿ ಬೊಂಬಾಯಿ ಮಿಠಾಯಿಗೆ ನಿಷೇಧ ಇಲ್ಲ, ಸಿಕ್ಕರೆ ಅದನ್ನು ಕೊಡಿಸಬಹುದು. ಕೇಕ್ ಮಾಡಿಸೋದಿದ್ದರೆ ಮೇಲಿನ ಜೆಲ್ಲು, ಬಣ್ಣದ ಹೂವು, ಚೆರ್ರಿ ಬೇಡ, ಬಿಳಿ ಕ್ರೀಮಿನ ಮೇಲೆ ಹಣ್ಣು ಇಟ್ಟುಕೊಡಿ ಎಂದು ಒಂದು ದಿನ ಮೊದಲೇ ಹೇಳಿ.

ಪ್ರಶ್ನೆ: ಸರ್ಕಾರವೇ ಅನುಮತಿ ಕೊಟ್ಟ ಬಣ್ಣ ಎಂದ ಮೇಲೆ ಇಷ್ಟೊಂದು ಗಲಾಟೆ ಯಾಕೆ? ನಮ್ಮ ಎಂಟು ವರ್ಷದ ಮಗಳು ತುಂಬಾ ಚುರುಕು, ಒಂದು ಕಡೆ ಕೂರಲ್ಲ. ಬಣ್ಣದಿಂದಲೇ ಅಂತ ನನ್ನ ಹೆಂಡತಿ. ಮುಂದಿನ ವಾರ ಊಟಿಗೆ ಹೋಗುತ್ತಿದ್ದೇವೆ. ಅಲ್ಲೂ ಬಿಡಿಸಬೇಕಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅನುಮತಿ ಅಂದರೆ ಅಳತೆಯ ಮೇಲೆ ಅನುಮತಿ. ಸಾಮಾನ್ಯವಾಗಿ ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ, ಅದೂ ಕಾನೂನಿನಲ್ಲಿ ಹೇಳಿರುವ ತಿಂಡಿಗಳಿಗೆ ಮಾತ್ರ. ಕಾರ್ಖಾನೆಯಲ್ಲಿ ತೂಕ ಮಾಡಿ ಹಾಕಬಹುದು. ಗಾಡಿಯ ಮುಂದೆ ನಿಂತವನು ಚಿಟಿಕೆಯಲ್ಲಿ ಹಾಕುತ್ತಾನೆ.

ನಡವಳಿಕೆಯ ವಿಷಯಕ್ಕೆ ಬಂದರೆ, 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮತ್ತು ಎಂಟು-ಒಂಬತ್ತು ವರ್ಷದ ಸುಮಾರು 300 ಮಕ್ಕಳಿಗೆ ಬಣ್ಣ ಮತ್ತು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಚಡಪಡಿಕೆ ಸ್ವಲ್ಪ ಹೆಚ್ಚಾಯಿತು, ಆದರೆ ಎಲ್ಲ ಮಕ್ಕಳಲ್ಲೂ ಒಂದೇ ತರಹ ಅಲ್ಲ. ಅದಾದ ಮೇಲೆ ಯುರೋಪಿನಲ್ಲಿ 2010ರ ಜುಲೈನಿಂದ ಆರು ಬಣ್ಣಗಳಿಗೆ "ಮಕ್ಕಳ ಚಟುವಟಿಕೆ, ಗಮನದ ಮೇಲೆ ಪರಿಣಾಮ ಆಗಬಹುದು" ಎಂಬ ಎಚ್ಚರಿಕೆ ಹಾಕೋದು ಕಡ್ಡಾಯವಾಯಿತು. ನಮ್ಮ ಪಟ್ಟಿಯ 102, 110, 122, 124 ಆ ಆರರಲ್ಲಿ ಇವೆ. ಆದ್ದರಿಂದ ನಿಮ್ಮ ಹೆಂಡತಿಯ ಅನುಮಾನಕ್ಕೆ ಆಧಾರ ಇದೆ. ಹಾಗಂತ ಎಂಟು ವರ್ಷದ ಮಗು ಓಡಾಡೋದೆಲ್ಲಾ ಬಣ್ಣದಿಂದ ಅಂತಲೂ ಅಲ್ಲ. ನಿದ್ದೆ ಸರಿ ಇದೆಯಾ, ಶಾಲೆಯಲ್ಲಿ ಏನು ಹೇಳುತ್ತಾರೆ, ಅದನ್ನೂ ನೋಡಬೇಕು.

ಪರೀಕ್ಷೆಯನ್ನು ಊಟಿಯಲ್ಲಿ ಮಾಡಬೇಡಿ. ಪ್ರವಾಸದಲ್ಲಿ ಎಲ್ಲ ಮಕ್ಕಳೂ ಹಾರಾಡುತ್ತಾರೆ, ನಿದ್ದೆ ಕೆಡುತ್ತದೆ, ಬಸ್ಸಿನಲ್ಲಿ ಹೊಟ್ಟೆ ತೊಳಸುತ್ತದೆ, ಯಾವುದು ಯಾವುದರಿಂದ ಅಂತ ಗೊತ್ತಾಗಲ್ಲ. ಅಲ್ಲಿ ಗಾಡಿಯ ಗೋಬಿ, ಕಣ್ಣು ಕುಕ್ಕುವ ಬಣ್ಣದ ಐಸ್ ಕ್ಯಾಂಡಿ ಬಿಟ್ಟು ಉಳಿದದ್ದಕ್ಕೆ ಇಬ್ಬರೂ ಜಗಳ ಆಡಬೇಡಿ. ವಾಪಸು ಬಂದು, ಶಾಲೆ ಶುರುವಾಗಿ, ದಿನಚರಿ ಒಂದು ಹದಕ್ಕೆ ಬಂದ ಮೇಲೆ ಮಕ್ಕಳ ಡಾಕ್ಟರ ಸಲಹೆ ತೆಗೆದುಕೊಂಡು ಕೆಲವು ವಾರ ಬಣ್ಣ ಪೂರ್ತಿ ನಿಲ್ಲಿಸಿ. ತಿಂದದ್ದು, ಮಲಗಿದ ಹೊತ್ತು, ನಡವಳಿಕೆ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನೀವು ಒಂದು ಪುಸ್ತಕದಲ್ಲಿ, ನಿಮ್ಮ ಹೆಂಡತಿ ಇನ್ನೊಂದರಲ್ಲಿ ಬರೆದರೆ ಇನ್ನೂ ಒಳ್ಳೆಯದು. ಎರಡನ್ನೂ ಡಾಕ್ಟರಿಗೆ ತೋರಿಸಿ.