ಮಾತುಕತೆಯಲ್ಲಿ ಸ್ವಂತ ಅನುಭವವನ್ನು ಬದಿಗಿಟ್ಟು ವಸ್ತುನಿಷ್ಠವಾಗಿ ಮಾತನಾಡುವುದು ಹೇಗೆ?

ಪ್ರತಿ ಮಾತಿಗೂ ‘ನನಗೆ ಹೀಗಾಗಿತ್ತು’ ಎನ್ನುವ ಮನೆಯವರನ್ನು ವಾಸ್ತವಾಂಶಗಳ ದಾರಿಗೆ ತರುವುದು ಹೇಗೆಂದು ತಾವು ಕೇಳಿದ್ದೀರಿ. ನಾನು ತಂದಿದ್ದೆ. ಅದರ ಬೆಲೆ ಹನ್ನೊಂದು ವರ್ಷ.

ಆಗ ನಾನು ವಿಜಯಪುರದ, ಅಂದರೆ ಅಂದಿನ ಬಿಜಾಪುರದ, ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಅಕ್ಕನನ್ನು ಕೊಟ್ಟದ್ದು ಹಳೆ ಬಾಗಲಕೋಟೆಗೆ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಊರಿನ ತಗ್ಗಿನ ಓಣಿಗಳು ಹೋದಾಗ ಅವಳ ಮನೆಯೂ ಹೋಯಿತು. ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ನಿವೇಶನ ಸಿಕ್ಕಿತು. ಮರುವರ್ಷ ಪಂಚಮಿಗೆ ತವರಿಗೆ ಬಂದವಳು ಶೇಂಗಾ ಉಂಡಿ ಕಟ್ಟುತ್ತ, “ಬಾಗಿಲ ಚೌಕಟ್ಟು ಕೀಳೂದು ನೋಡಾಕ ಆಗಲಿಲ್ಲ, ತಮ್ಮಾ” ಎಂದು ಮಾತು ತೆಗೆದಳು.

ನಾನು ಪಾಠ ಆರಂಭಿಸಿದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದರಿಂದ ಹಿಡಿದು 519.60 ಮೀಟರ್ ನೀರಿನ ಮಟ್ಟ, 123 ಟಿಎಂಸಿ ಸಂಗ್ರಹ, ಎರಡು ಹಂತಗಳಲ್ಲಿ 6.22 ಲಕ್ಷ ಹೆಕ್ಟೇರ್ ನೀರಾವರಿ ಎಂದು ಎಲ್ಲವನ್ನೂ ಒಪ್ಪಿಸಿ, “ಒಂದು ಮನಿ ನೋಡಿ ಲೆಕ್ಕ ಹೇಳಬಾರದು, ಅಕ್ಕಾ” ಎಂದೆ. ಅವಳು ಕೈಯಲ್ಲಿದ್ದ ಉಂಡಿಯನ್ನು ಮುಗಿಸಿ ಡಬ್ಬಿಗೆ ಹಾಕಿ ಎದ್ದು ಹೋದಳು. ಆಮೇಲೆ ಹನ್ನೊಂದು ವರ್ಷ ನನ್ನ ಮುಂದೆ ಆ ಮನೆಯ ಹೆಸರೆತ್ತಲಿಲ್ಲ.

ಹೇಳಿದ ಅಂಕಿಗಳಲ್ಲಿ ಒಂದೂ ತಪ್ಪಿರಲಿಲ್ಲವಾದ್ದರಿಂದ ನನ್ನ ತಪ್ಪು ತಿಳಿಯಲು ಬಹಳ ದಿನ ಹಿಡಿಯಿತು. ಒಂದೇ ಮಾದರಿಯಿಂದ ಇಡೀ ಸಮುದಾಯದ ಬಗ್ಗೆ ತೀರ್ಮಾನಿಸಬಾರದೆಂದು ತರಗತಿಯಲ್ಲಿ ಹೇಳಿಕೊಡುತ್ತೇವೆ, ಅದು ಸರಿಯೇ. ಆದರೆ ಅಕ್ಕ ತೀರ್ಮಾನವನ್ನೇ ಮಾಡಿರಲಿಲ್ಲ. ಅಣೆಕಟ್ಟು ಬೇಡವಾಗಿತ್ತೆಂದಾಗಲಿ, ಎಲ್ಲರಿಗೂ ಹೀಗೇ ಆಯಿತೆಂದಾಗಲಿ ಅವಳು ಹೇಳಿರಲಿಲ್ಲ. ‘ನೋಡಾಕ ಆಗಲಿಲ್ಲ’ ಎಂಬ ಮಾತಿನಲ್ಲಿ ಅಲ್ಲಗಳೆಯುವಂಥದ್ದು ಏನಿದೆ? ಅವಳು ಮಾಡದ ವಾದವನ್ನು ನಾನೇ ಹುಟ್ಟಿಸಿ, ನಾನೇ ಗೆದ್ದಿದ್ದೆ. ಇನ್ನೊಂದು ಮಾತು: ಸಾವಿರ ಅಂಕಿಗಳಲ್ಲಿ ಇವನ್ನೇ ಆರಿಸಿಕೊಂಡವನು ನಾನು, ಮತ್ತು ನನ್ನ ಮನೆ ಮುಳುಗಿರಲಿಲ್ಲ. ಇದನ್ನು ವಸ್ತುನಿಷ್ಠತೆ ಎಂದು ಕರೆದುಕೊಂಡಿದ್ದೆ.

ಸೋದರ ಸೊಸೆಯ ಮದುವೆಗೆ ನವನಗರಕ್ಕೆ ಹೋಗಿ ತೋರಣ ಕಟ್ಟುವಾಗ ಆ ಮನೆಯ ಬಗ್ಗೆ ಕೊನೆಗೂ ಕೇಳಿದೆ. ನನ್ನ ಕೈ ಇದ್ದದ್ದು ಆ ಹಳೆಯ ಸಾಗುವಾನಿ ಚೌಕಟ್ಟಿನ ಮೇಲೆಯೇ. ಹೊಸ ಗೋಡೆಗೆ ಎತ್ತರವಾಯಿತೆಂದು ಬಡಿಗೇರ ಅದನ್ನು ನಾಲ್ಕು ಬೆರಳಿನಷ್ಟು ಕೊಯ್ದಿದ್ದ. ಒಳಬದಿಯಲ್ಲಿ ಸರ್ವೆಯವರು ಕೆಂಪು ಬಣ್ಣದಲ್ಲಿ ಬರೆದ ಮನೆಯ ಸಂಖ್ಯೆ ಹಾಗೇ ಇತ್ತು. ಅದರ ಮೇಲೆ ಬಣ್ಣ ಹಚ್ಚಲು ಅಕ್ಕ ಬಿಟ್ಟಿರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಗೋಡೆ, ಕಟ್ಟಿಗೆ, ಕಲ್ಲು ಎಲ್ಲ ಇದ್ದವಂತೆ. ಎದುರುಮನೆಯವರಿಗೆ ಬೇರೆ ಸೆಕ್ಟರಿನಲ್ಲಿ ನಿವೇಶನ ಬಂದು, ದಿನಾ ಕಟ್ಟೆಯ ಮೇಲೆ ಜೊತೆಗೆ ಕೂತು ಜೋಳ ಹಸನು ಮಾಡುತ್ತಿದ್ದ ಇಬ್ಬರು ಹೆಂಗಸರು ವರ್ಷಕ್ಕೊಮ್ಮೆ ಸಂತೆಯಲ್ಲಿ ಸಿಗುವಂತಾದದ್ದಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ಇದೂ ಮಾಹಿತಿಯೇ, ಅವಳು ಹೇಳದಿದ್ದರೆ ನನಗೆ ಸಿಗುತ್ತಿರಲಿಲ್ಲ.

ಆದ್ದರಿಂದ ತಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮನೆಯವರು ಅನುಭವ ಹೇಳುವಾಗ ಬಾಯಿ ಮುಚ್ಚಿ ಕೇಳಿ. ಅನುಭವವೇ ತೀರ್ಪಾದಾಗ ಮಾತ್ರ ಲೆಕ್ಕ ಕೇಳಿ: ಮಾವನವರು “ಪೇಟ್ಯಾಗಿನ ವ್ಯಾಪಾರಸ್ಥರೆಲ್ಲ ಹಾಳಾದರು” ಎಂದಾಗ, ಎಷ್ಟು ಅಂಗಡಿ, ಯಾರ್ಯಾರದು ಎಂದು ಕೇಳಿದೆ, ತಾಸುಗಟ್ಟಲೆ ಜಗಳಾಡಿದೆವು, ಯಾರಿಗೂ ನೋವಾಗಲಿಲ್ಲ.

ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಆಲಮಟ್ಟಿಗೆ 2010ರಲ್ಲಿ ಒಪ್ಪಿದ 524.256 ಮೀಟರ್ ಎತ್ತರದ ಸುದ್ದಿ ಈಚೆಗೆ ಮತ್ತೆ ಬಂದಾಗ, ಎಷ್ಟು ಮೀಟರ್ ಎಂದು ಅಕ್ಕನೇ ಫೋನಿನಲ್ಲಿ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಉಳಿದವರ ಚೌಕಟ್ಟೂ ಕೀಳೂದ ಬಂತಲ್ಲಪಾ” ಎಂದಳು.