ಓದುಗರ ಪ್ರಶ್ನೆ, ತಜ್ಞರ ಉತ್ತರ: ಸವೆದ ಶಾಸನ, ಅಕ್ಷರದೊಳಗಿನ ಅಂಕಿ

ಪ್ರಶ್ನೆ: ನಮ್ಮೂರ ದೇವಸ್ಥಾನದ ಮುಂದೆ ಒಂದು ಶಾಸನದ ಕಲ್ಲಿದೆ. ಹಳೆಯ ಕನ್ನಡ ಲಿಪಿಯ ಪುಸ್ತಕ ಹಿಡಿದು ಕೂತರೂ ನಾಲ್ಕು ಪದ ಹತ್ತುತ್ತಿಲ್ಲ. ಸೀಮೆಸುಣ್ಣ ತುಂಬಿದರೆ ಕಾಣುತ್ತದೆ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಸುಣ್ಣ ತುಂಬುವವರು ತಮಗೆ ಕಂಡ ಗೆರೆಯನ್ನು ತುಂಬುತ್ತಾರೆ. ಆಮೇಲೆ ಬಂದವರು ಕಲ್ಲನ್ನಲ್ಲ, ಆ ಊಹೆಯನ್ನೇ ಓದುತ್ತಾರೆ. ತಂತಿ ಬ್ರಷ್, ಆಸಿಡ್, ಬಣ್ಣ ಯಾವುದೂ ಕೂಡದು. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು ಬರೀ ನೀರಲ್ಲಿ ತೊಳೆದರೆ ಸಾಕು.

ಬೇಕಾದದ್ದು ಓರೆ ಬೆಳಕು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಪಕ್ಕದಿಂದ ಹಿಡಿಯಿರಿ. ಅಕ್ಷರದ ಗುಳಿಗಳಲ್ಲಿ ನೆರಳು ತುಂಬಿಕೊಳ್ಳುತ್ತದೆ. ಕ್ಯಾಮೆರಾ ಅಲುಗದಂತೆ ಇಟ್ಟು ಎಡ, ಬಲ, ಮೇಲು, ಕೆಳಗು ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಫೋಟೊ ತೆಗೆಯಿರಿ. ಒಂದೇ ಕಡೆಯ ಬೆಳಕು ಸಾಲದು: ಮೇಲಿನಿಂದ ಬಿಟ್ಟರೆ ನಿಂತ ಗೆರೆಗಳು ಮಾಯವಾಗುತ್ತವೆ, ಪಕ್ಕದಿಂದ ಬಿಟ್ಟರೆ ಅಡ್ಡಗೆರೆಗಳು.

ಓದಲು ಮೊದಲ ಸಾಲಿನಿಂದ ಶುರು ಮಾಡಬೇಕಿಲ್ಲ. ದಾನಶಾಸನವಾದರೆ ಕೊನೆಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ’ ಎಂಬ ಶಾಪಶ್ಲೋಕವೋ, ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪದ ಮಾತೋ ಇರುತ್ತದೆ. ಪಾಠ ಮೊದಲೇ ಗೊತ್ತಿರುವುದರಿಂದ ಈ ಕಲ್ಲು ಕಡೆದವನ ಕೈಯಲ್ಲಿ ಸ, ದ, ತ, ಪ, ರ, ಯ, ಹ, ವ ಹೇಗಿವೆ ಎಂಬುದು ಅಲ್ಲೇ ಸಿಗುತ್ತದೆ. ಅವನ್ನು ಕಾಗದಕ್ಕೆ ಇಳಿಸಿ ಆ ಕಲ್ಲಿನದೇ ಅಕ್ಷರಪಟ್ಟಿ ಮಾಡಿಕೊಂಡು ಮೇಲಿನ ಸಾಲುಗಳಿಗೆ ಬನ್ನಿ. ಪುಸ್ತಕದ ಪಟ್ಟಿ ಒಂದು ಶತಮಾನದ ಸರಾಸರಿ ರೂಪವನ್ನಷ್ಟೇ ತೋರಿಸುತ್ತದೆ.

ಎಡವುವ ಜಾಗಗಳು ಇವು. ಬಾಲ ಸವೆದ ಮ, ವ ಆಗಿ ಕಾಣುತ್ತದೆ. ಒಳಗೆರೆ ಅಳಿದ ಷ, ಪ ಆಗುತ್ತದೆ. ಎ–ಏ, ಒ–ಓ ಭೇದವನ್ನು ಬರಹದಲ್ಲಿ ತೋರಿಸುತ್ತಿರಲಿಲ್ಲ. ಪದಗಳ ನಡುವೆ ತೆರವಿಲ್ಲ, ಪದದ ಮಧ್ಯದಲ್ಲೇ ಸಾಲು ಮುರಿಯುತ್ತದೆ. ಏಳು ಎಂಬುದು ‘ಏೞು’, ನೂರು ಎಂಬುದು ‘ನೂಱು’, ಹಳ್ಳಿ ‘ಪಳ್ಳಿ’ ಆಗಿರಬಹುದು. ಅನುಮಾನದ ಅಕ್ಷರವನ್ನು ಚೌಕ ಕಂಸದಲ್ಲಿಡಿ, ಹೋದ ಅಕ್ಷರಕ್ಕೆ ಚುಕ್ಕಿ ಇಡಿ. ಅರ್ಥ ಕೂಡಿಬರಲಿ ಎಂದು ಅಕ್ಷರವನ್ನು ಬಗ್ಗಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಆಮೇಲೆ ಶಾಸನಗಳ ಸಂಪುಟಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ನಿಮ್ಮ ತಾಲ್ಲೂಕನ್ನು ಹುಡುಕಿ. ಅದನ್ನು ಶುರು ಮಾಡಿದ ಬಿ. ಎಲ್. ರೈಸ್ ಕಾಲದಲ್ಲೇ ಅಚ್ಚಾದ ಶಾಸನವಾದರೆ, ಇಂದು ಅಳಿದಿರುವ ಅಕ್ಷರಗಳು ಅಲ್ಲಿ ಸಿಗಬಹುದು.

ಪ್ರಶ್ನೆ: ಶಾಸನದಲ್ಲಿ ಶಕವರ್ಷದ ಒಂದು ಅಂಕಿ ಸವೆದಿದ್ದರೆ ಕಾಲ ತಿಳಿಯುವುದು ಹೇಗೆ?

ಉತ್ತರ: ಸಂವತ್ಸರದ ಹೆಸರು ಉಳಿದಿದೆಯೇ ನೋಡಿ. ಸವೆದ ಜಾಗದಲ್ಲಿ ಒಂದೊಂದೇ ಅಂಕಿ ಇಟ್ಟು, ಆ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ಶ್ರವಣಬೆಳಗೊಳದ ಬುಕ್ಕರಾಯನ ಶಾಸನದಲ್ಲಿ ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶು 10, ಬೃ ಎಂದಿದೆ. 1290ಕ್ಕೆ 12 ಸೇರಿದರೆ 1302, ಶೇಷ 42, ಕೀಲಕ 42ನೆಯದೇ. ‘ಶು’ ಶುದ್ಧ ಅಂದರೆ ಶುಕ್ಲಪಕ್ಷ, ‘ಬೃ’ ಬೃಹಸ್ಪತಿವಾರ. 78 ಕೂಡಿಸಿದರೆ ಕ್ರಿ.ಶ. 1368, ಆ ವರ್ಷದ ಆಗಸ್ಟ್ 24 ಗುರುವಾರವೇ ಆಗಿತ್ತು. ಹೀಗೆ ವರ್ಷ, ಸಂವತ್ಸರ, ವಾರ ಮೂರೂ ಕೂಡಿದರೆ ಮಾತ್ರ ನಂಬಿ. ಲೆಕ್ಕ ಒಂದು ವರ್ಷ ತಪ್ಪಿದರೆ ಗಾಬರಿ ಬೇಡ: ಕೆಲವರು ಸಂದ ವರ್ಷ ಬರೆಯುತ್ತಿದ್ದರು, ಕೆಲವರು ನಡೆಯುತ್ತಿರುವ ವರ್ಷ. ಮಾಘ, ಫಾಲ್ಗುಣದ ತಿಥಿಗಳಿಗೆ 78ರ ಬದಲು 79 ಕೂಡಿಸಬೇಕಾಗುತ್ತದೆ.

ಅಂಕಿಯ ಬದಲು ಪದಗಳಿದ್ದರೆ ಅದು ಭೂತಸಂಖ್ಯೆ. ಚಂದ್ರ 1, ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6, ಗಿರಿ 7, ವಸು 8, ನಂದ 9, ಖ ಅಥವಾ ಆಕಾಶ 0. ಬಿಡಿಸ್ಥಾನದಿಂದ ಎಣಿಸಬೇಕು: ‘ಖ-ನಂದ-ನೇತ್ರ-ಚಂದ್ರ’ ಎಂದರೆ 0921 ಅಲ್ಲ, 1290. ‘ದಿಕ್’ ಸಿಕ್ಕಾಗ ಎಚ್ಚರ. ಅದು 8ಕ್ಕೂ 10ಕ್ಕೂ ನಿಲ್ಲುತ್ತದೆ. ಇಲ್ಲೂ ಸಂವತ್ಸರವೇ ತೀರ್ಪು ಹೇಳಬೇಕು.

ಪ್ರಶ್ನೆ: ಹೊಲದ ಬದುವಿನ ಕಲ್ಲಿನಲ್ಲಿ ಅಕ್ಷರವಿಲ್ಲ, ಲಿಂಗದ ಗುರುತು ಮಾತ್ರ ಇದೆ. ನಿಧಿಯ ಗುರುತು ಎನ್ನುವುದು ನಿಜವೇ?

ಉತ್ತರ: ಖಂಡಿತ ಅಲ್ಲ. ಅದು ಲಿಂಗಮುದ್ರೆ ಕಲ್ಲು, ಶಿವಾಲಯಕ್ಕೆ ಬಿಟ್ಟ ಭೂಮಿಯ ಗಡಿ. ಬಸದಿಯ ಭೂಮಿಗೆ ಮುಕ್ಕೊಡೆ (ಮೂರು ಕೊಡೆಗಳ ಗುರುತಿನ) ಕಲ್ಲು ಇರುತ್ತದೆ. ಸೂರ್ಯಚಂದ್ರರಿದ್ದರೆ ಅವರಿರುವವರೆಗೂ ದಾನ ನಡೆಯಲಿ ಎಂದು. ಇಂಥ ಕಲ್ಲಿನ ಬುಡ ಅಗೆದರೆ ಹಳೆಯ ಗಡಿಯ ಸಾಕ್ಷಿಯೇ ಹಾಳಾಗುತ್ತದೆ. ಇದ್ದಲ್ಲೇ ಬಿಡಿ.

ಪ್ರಶ್ನೆ: ಕರ್ನಾಟಕ ಸಂಗೀತದಲ್ಲಿ ಮೇಳಕರ್ತ (ಜನಕ) ರಾಗದ ಹೆಸರಿನಲ್ಲೇ ಅದರ ಮೇಳದ ಸಂಖ್ಯೆ ಇದೆಯಂತೆ. ಚಕ್ರವಾಕಕ್ಕೆ ನಮ್ಮ ಲೆಕ್ಕದಲ್ಲಿ 26 ಬರುತ್ತದೆ, ಪುಸ್ತಕದಲ್ಲಿ 16 ಇದೆ. ಯಾವುದು ಸರಿ?

ಉತ್ತರ: 16 ಸರಿ. ಅಕ್ಷರಗಳಿಗೆ ಅಂಕಿ ಕೊಡುವ ಕಟಪಯಾದಿ ಪದ್ಧತಿಯಲ್ಲಿ ಕದಿಂದ ಝವರೆಗೆ 1ರಿಂದ 9, ಟದಿಂದ ಧವರೆಗೆ 1ರಿಂದ 9, ಪದಿಂದ ಮವರೆಗೆ 1ರಿಂದ 5, ಯದಿಂದ ಹವರೆಗೆ 1ರಿಂದ 8. ಞ, ನ ಸೊನ್ನೆ. ಮೊದಲ ಎರಡು ಅಕ್ಷರದ ಅಂಕಿ ತಿರುಗಿಸಬೇಕು: ಮೇಚಕಲ್ಯಾಣಿಯಲ್ಲಿ ಮೇ 5, ಚ 6, ಆದ್ದರಿಂದ 65. ಶಂಕರಾಭರಣದ ಹಿಂದೆ ‘ಧೀರ’ ಕೂತಿರುವುದೂ 29 ಹೊಂದಿಸಲೆಂದೇ.

ಒತ್ತಕ್ಷರದಲ್ಲಿ ಕೊನೆಯ ವ್ಯಂಜನ ಹಿಡಿಯುವುದು ಕಟಪಯಾದಿಯ ಸಾಮಾನ್ಯ ನಿಯಮ. ಅದರಂತೆ ‘ಕ್ರ’ದಲ್ಲಿ ರ ಹಿಡಿದು ನೀವು 26 ಪಡೆದಿರಿ. ಆದರೆ ಮೇಳಕರ್ತದ ಕೆಲವು ಹೆಸರುಗಳಲ್ಲಿ ಮೊದಲ ವ್ಯಂಜನವೇ ಲೆಕ್ಕಕ್ಕೆ: ಚಕ್ರವಾಕ 16, ದಿವ್ಯಮಣಿ 48, ವಿಶ್ವಂಭರಿ 54. ಸಂದೇಹ ಬಂದಾಗ ಸ್ವರ ನೋಡಿ. 26 ಚಾರುಕೇಶಿಯ ಜಾಗ, ಅಲ್ಲಿ ಚತುಶ್ರುತಿ ರಿಷಭ. ಚಕ್ರವಾಕದ್ದು ಶುದ್ಧ ರಿಷಭ, ಅಂತರ ಗಾಂಧಾರ. ಶುದ್ಧ ಮಧ್ಯಮದ ಮೇಳಗಳಲ್ಲಿ ಆ ಜೋಡಿ ಬರುವುದು 13ರಿಂದ 18ರವರೆಗೆ ಮಾತ್ರ.